ಈಸ್ಟರ್ ಮುಗಿಯಲಿ ಎಂದು

"ಅಮ್ಮಾ, ಬೀನಾ ದೀದಿ ಕ್ರಿಶ್ಚಿಯನ್ ಅಂತ ನಿಂಗೆ ಪತಾ ಥಾ, ಗೊತ್ತಿತ್ತಾ?"

ನೋಯ್ಡಾದಿಂದ ಮಯೂರ್ ವಿಹಾರ್‌ಗೆ ಮರಳುವ ಮೆಟ್ರೋದಲ್ಲಿ ಮಗಳು ಹೀಗೆ ಕೇಳಿದಾಗ ಯಾವ ಬೀನಾ ಎಂಬುದೇ ವಿಮಲಾಗೆ ಕೂಡಲೇ ಹೊಳೆಯಲಿಲ್ಲ. ಕೃತಿ ಆಗಷ್ಟೇ ಹನ್ನೆರಡನೆಯ ತರಗತಿಗೆ ಕಾಲಿಟ್ಟಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ; ಕನ್ನಡ ಅರ್ಥವಾದಷ್ಟು ಆಡಲು ಬಾರದು. ಅದಕ್ಕೇ ಭಾನುವಾರ ಮಧ್ಯಾಹ್ನ ಅನೀಶ್ ಸಾಲಿನ್ಸ್ ಅವರ ಮನೆಯ ಕನ್ನಡ ಪ್ರಾರ್ಥನಾ ಕೂಟದಲ್ಲಿ ಬೈಬಲ್ ಪ್ರಸಂಗ ಶುರುವಾದೊಡನೆ ನೀರು ಕುಡಿಯುವ ನೆಪ ಹೇಳಿ ಅಡುಗೆಮನೆ ಸೇರುತ್ತಿದ್ದಳು. ಅಲ್ಲಿ ಅವಳ ಜೊತೆ ಮಾತಿಗೆ ಸಿಗುತ್ತಿದ್ದವಳು ಆ ಮನೆಯಲ್ಲೇ ಇದ್ದು ಕೆಲಸ ಮಾಡುವ ಬೀನಾ.

ಅವಳ ಹೆಸರು ಬೀನಾ ಅಲ್ಲವಂತೆ, ಅಲ್ಬಿನಾ. ಅಲ್ಬಿನಾ ಕೆರ್ಕೆಟ್ಟಾ. ಜಾರ್ಖಂಡಿನ ಸಿಮಡೇಗಾ ಕಡೆಯವಳು. ಅವಳ ಅಜ್ಜನ ಕಾಲದಿಂದಲೂ ಅವರು ಕ್ರೈಸ್ತರು. ಕರೆಯಲು ಸುಲಭವಾಗಲಿ ಎಂದು ಮನೆಯೊಡತಿ ಧನ್ಯಾ ಹೆಸರನ್ನು ಮೊಟಕು ಮಾಡಿದ್ದಳು. ಇದನ್ನೆಲ್ಲ ಕೃತಿ ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದಳು. ಅಲ್ಬಿನಾಳ ತಾಯಿ ತೀರಿಕೊಂಡಿದ್ದರು. ಇವತ್ತಲ್ಲ, ನಿನ್ನೆಯಲ್ಲ. ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೂ ಮೊದಲೇ. ಅಣ್ಣ ಅದೇ ದಿನ ಧನ್ಯಾಳ ಫೋನಿಗೆ ಕರೆ ಮಾಡಿ ತಿಳಿಸಿದ್ದ, ಏಕೆಂದರೆ ಅಲ್ಬಿನಾಳ ಫೋನು ಇರುತ್ತಿದ್ದುದು ಧನ್ಯಾಳ ಬೀರುವಿನಲ್ಲಿ. ತಿಳಿಸುತ್ತೇನೆ ಎಂದು ಧನ್ಯಾ ಅವನಿಗೆ ಮಾತು ಕೊಟ್ಟಿದ್ದಳು, ಆದರೆ ತಿಳಿಸಲಿಲ್ಲ. ಶುಭ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಜನ ಬರುವವರಿದ್ದರು. ಈಸ್ಟರ್ ಊಟಕ್ಕೆ ನಲವತ್ತು ಜನ. ಕೆಲಸದವಳನ್ನು ಆಗ ಊರಿಗೆ ಕಳಿಸಿದರೆ ಆಗುವುದೆಂತು? ಈಗ ಈಸ್ಟರ್ ಕಳೆದು ವಾರವಾಗಿತ್ತು. ಅದೇ ಹೌಸಿಂಗ್ ಸೊಸೈಟಿಯ ಇನ್ನೊಂದು ಮನೆಯಲ್ಲಿ ಕೆಲಸಕ್ಕಿದ್ದ ಅಲ್ಬಿನಾಳ ಊರಿನ ಹೆಂಗಸು ಅವತ್ತು ಬೆಳಿಗ್ಗೆ ಕಸ ಹಾಕುವಲ್ಲಿ ಸಿಕ್ಕಿ, ತಾಯಿಯ ಮಣ್ಣಿಗೂ ಹೋಗಲಿಲ್ಲವಲ್ಲ ಎಂದು ಬೈದಾಗಲೇ ಅವಳಿಗೆ ಗೊತ್ತಾದದ್ದು.

"ರೋತೇ ರೋತೇ, ಅಳ್ತಾನೇ ಕಟ್ಲೆಟ್ ಕರೀತಿದ್ಳು ಅಮ್ಮಾ," ಎಂದಳು ಕೃತಿ. "ನೀವೆಲ್ಲ ಹೊರಗೆ ಹಾಡ್ತಾ ಇದ್ರಿ."

ವಿಮಲಾಳ ಕಿವಿ ಬಿಸಿಯಾಯಿತು. ಆ ಕಟ್ಲೆಟ್ ಇನ್ನೂ ಹೊಟ್ಟೆಯಲ್ಲಿತ್ತು.

ಅವಳಿಗೆ ಸಿಟ್ಟು ಹೊಸದಲ್ಲ. ಮೂಲ್ಕಿಯ ತವರಿನಲ್ಲಿ, ಇವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ದೆಹಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಅವಳೆದುರು ವಿದ್ಯಾರ್ಥಿಗಳು ಗುಸುಗುಸು ಮಾಡಲೂ ಹೆದರುತ್ತಿದ್ದರು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲದಲ್ಲಿ ಅನೀಶ್ ಕೂಟದಲ್ಲಿ 'ದಿನನಿತ್ಯದ ಶಿಷ್ಯತ್ವ' ಎಂಬ ಪಾಠ ಶುರುಮಾಡಿದಾಗ, ನಿಮ್ಮಲ್ಲಿ ಯಾವುದು ಬದಲಾಗಬೇಕು ಎಂದು ಒಬ್ಬೊಬ್ಬರನ್ನೂ ಕೇಳಿದ್ದ. ನನ್ನ ಕೋಪ ಎಂದು ವಿಮಲಾ ಎಲ್ಲರೆದುರು ಒಪ್ಪಿಕೊಂಡಿದ್ದಳು. ಯೇಸುವಿನ ಶಿಷ್ಯರಾಗುವುದು ಚರ್ಚಿನೊಳಗಿನ ಕೆಲಸವಲ್ಲ, ಅತ್ತೆಯ ಜೊತೆ, ಆಫೀಸಿನವರ ಜೊತೆ, ಪಕ್ಕದ ಮನೆಯವರ ಜೊತೆ ಹೇಗಿದ್ದೇವೆ ಎಂಬುದರಲ್ಲೇ ಶಿಷ್ಯತ್ವ ಇದೆ ಎಂದು ಅನೀಶ್ ಚೆನ್ನಾಗಿ ಹೇಳುತ್ತಿದ್ದ. ವಾರಕ್ಕೊಂದು ಮನೆಗೆಲಸ ಕೊಡುತ್ತಿದ್ದ. ಒಂದು ವಾರ, ದಿನಾ ನೋಡಿಯೂ ಹೆಸರು ತಿಳಿಯದ ಒಬ್ಬರ ಹೆಸರು ಕೇಳಿಕೊಂಡು ಬನ್ನಿ ಎಂದಿದ್ದ. ವಿಮಲಾ ತಮ್ಮ ಸೊಸೈಟಿಯ ಇಸ್ತ್ರಿ ಭಯ್ಯಾನ ಹೆಸರು ಕೇಳಿಕೊಂಡು ಬಂದು ಹೆಮ್ಮೆಯಿಂದ ಹೇಳಿದ್ದಳು. ಆಗಲೂ ಅಡುಗೆಮನೆಯಿಂದ ನೀರುದೋಸೆಯ ಪರಿಮಳ ಬರುತ್ತಿತ್ತು.

ಮನೆ ತಲುಪಿದವಳೇ ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಚಿದಂಬರ ಹಿಂದೂ, ದಾವಣಗೆರೆಯವನು, ಕೇಂದ್ರದ ಸಚಿವಾಲಯವೊಂದರಲ್ಲಿ ಅಧಿಕಾರಿ. ಹೆಂಡತಿಯ ಕೂಟಕ್ಕೆ ಅವನು ಬರುತ್ತಿರಲಿಲ್ಲ, ಅಡ್ಡಿಯನ್ನೂ ಮಾಡುತ್ತಿರಲಿಲ್ಲ. ಎಲ್ಲ ಕೇಳಿದ ಮೇಲೆ, ಮೊದಲು ಆ ಹುಡುಗಿಯನ್ನು ಅಲ್ಲಿಂದ ಕರೆದುಕೊಂಡು ಬರೋಣ, ಉಳಿದದ್ದು ಆಮೇಲೆ ಎಂದ. ಕಾರಿನ ಕೀಲಿಯನ್ನೂ ಕೈಗೆತ್ತಿಕೊಂಡ.

ವಿಮಲಾ ಬೇಡವೆಂದಳು. ಇದಕ್ಕೊಂದು ಕ್ರಮವಿದೆ. ತಪ್ಪು ಮಾಡಿದ ಸಹೋದರನ ಬಳಿ ಮೊದಲು ಒಬ್ಬರೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡಬೇಕು. ಯೇಸುಸ್ವಾಮಿ ಶಿಷ್ಯರಿಗೆ ಹೇಳಿಕೊಟ್ಟದ್ದು ಇದು. ಅನೀಶನೇ ಎರಡು ಭಾನುವಾರ ಇದನ್ನು ಪಾಠ ಮಾಡಿದ್ದ. ಬೆನ್ನ ಹಿಂದೆ ಆಡಬೇಡಿ, ನೇರ ಹೋಗಿ ಎಂದಿದ್ದ. ಹಾಗೆಯೇ ಮಾಡುತ್ತೇನೆ, ಅವನ ಪಾಠದಿಂದಲೇ ಅವನನ್ನು ಹಿಡಿಯುತ್ತೇನೆ ಎಂದಳು. ಚಿದಂಬರ ಕೀಲಿ ಕೆಳಗಿಟ್ಟ.

ಸೋಮವಾರ ತರಗತಿ ಮುಗಿಸಿ ಅವಳು ನೇರವಾಗಿ ನೋಯ್ಡಾಕ್ಕೆ ಹೋದಳು. ಅನೀಶ್ ಕಂಪನಿಯಲ್ಲಿದ್ದ. ಬಾಗಿಲು ತೆರೆದವಳು ಅಲ್ಬಿನಾ. ಕಣ್ಣಿನ ಕೆಳಗೆ ಊದಿಕೊಂಡಿತ್ತು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿರಬಹುದು. ಎರಡು ವರ್ಷದಿಂದ ಈ ಮುಖ ತನಗೆ ಬಾಗಿಲು ತೆರೆದಿದೆ, ತಾನು ಚಪ್ಪಲಿ ಬಿಡುತ್ತ ಕೆಳಗೆ ನೋಡುತ್ತಲೇ ಒಳಗೆ ಹೋಗಿದ್ದೇನೆ ಎಂದು ವಿಮಲಾಗೆ ಅನಿಸಿತು. ಅಲ್ಬಿನಾ ಎಂದು ಪೂರ್ತಿ ಹೆಸರು ಹಿಡಿದು ಕರೆದು, ತಾಯಿಯ ವಿಷಯ ಗೊತ್ತಾಯಿತು ಎಂದಳು. ಹುಡುಗಿ ತಲೆಯಾಡಿಸಿ ಚಹಾ ಮಾಡಲು ಒಳಗೆ ಹೋದಳು.

ಧನ್ಯಾ ಅಳುತ್ತಲೇ ಮಾತಾಡಿದಳು. ಮುಚ್ಚಿಟ್ಟದ್ದು ನಿಜ, ಆದರೆ ಕೆಟ್ಟ ಮನಸ್ಸಿನಿಂದಲ್ಲ. ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಮಣ್ಣು ಮುಗಿದಿರುತ್ತಿತ್ತು. ಹೋಗಿ ಏನು ಮಾಡಬೇಕಿತ್ತು? ಒಳ್ಳೆಯ ಸಮಯ ನೋಡಿ ಹೇಳೋಣ ಎಂದಿದ್ದೆವು. ಅವಳಿಗೆ ನೋವಾಗದಿರಲಿ ಎಂದೇ ತಡೆದದ್ದು. ಇಷ್ಟು ಹೇಳಿ ಧನ್ಯಾ ಕಣ್ಣೊರೆಸಿಕೊಂಡಳು.

"ಅವಳನ್ನ ನಾವು ಮಗಳ ಹಾಗೆ ನೋಡ್ಕೊಂಡಿದ್ದೀವಿ, ವಿಮಲಕ್ಕ."

"ಮಗಳ ಫೋನನ್ನ ಬೀರುವಲ್ಲಿಟ್ಟು ಬೀಗ ಹಾಕ್ತೀಯಾ? ನಾಳೆ ನೀನು ಸತ್ರೆ, ಮನೇಲಿ ಊಟ ಇದೆ ಅಂತ ಹಾಸ್ಟೆಲಲ್ಲಿರೋ ನಿನ್ನ ಮಗಳಿಗೆ ಯಾರಾದ್ರೂ ಹೇಳ್ದೆ ಇದ್ರೆ?"

ಧನ್ಯಾಳ ಮುಖ ಬಿಳುಪೇರಿತು. ಅಳು ನಿಂತಿತು. ನನ್ನ ಮನೆಯಲ್ಲಿ ಕೂತು ನನಗೇ ಶಾಪ ಹಾಕುತ್ತೀರಾ ಎಂದು ಎದ್ದು ನಿಂತಳು. ಅಷ್ಟರಲ್ಲಿ ಅಲ್ಬಿನಾ ಚಹಾ ತಂದಿಟ್ಟಳು. ವಿಮಲಾ ಅವಳನ್ನು ತನ್ನ ಪಕ್ಕ ಕೂರಲು ಹೇಳಿದಳು. ಅಲ್ಬಿನಾ ಒಡತಿಯ ಕಡೆ ನೋಡಿ ನಿಂತೇ ಇದ್ದಳು. ವಿಮಲಾ ಚಹಾ ಮುಟ್ಟದೆ ಹೊರಟು ಬಂದಳು.

ಸಂಜೆ ಅನೀಶನ ಕರೆ ಬಂತು. ಅವನು ಎಂದೂ ದನಿ ಎತ್ತುವವನಲ್ಲ. ನಿಮ್ಮ ಕಾಳಜಿಗೆ ಕೃತಜ್ಞ, ಸಿಸ್ಟರ್, ನಾವೂ ಪ್ರಾರ್ಥನೆಯಲ್ಲಿ ಇಟ್ಟಿದ್ದೇವೆ ಎಂದ. ಮೇ ತಿಂಗಳಲ್ಲಿ ಅವಳಿಗೆ ರಜೆ ಕೊಡುವ ಯೋಚನೆಯಿದೆ ಎಂದ. ಆಮೇಲೆ ಮೆತ್ತಗೆ ಒಂದು ಮಾತು ಸೇರಿಸಿದ.

"ನಿಮ್ಮ ಹೋರಾಟ ಯಾವುದು ಅಂತ ನೀವೇ ಕೂಟದಲ್ಲಿ ಹೇಳಿದ್ರಿ. ಈ ಕೋಪ ದೇವರಿಂದ ಬಂದದ್ದಾ ಅಂತ ಒಮ್ಮೆ ಪರೀಕ್ಷೆ ಮಾಡ್ಕೊಳ್ಳಿ."

ವಿಮಲಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ತಾನು ನಂಬಿ ಬಿಚ್ಚಿಟ್ಟ ಮಾತನ್ನೇ ಅವನು ಲಗಾಮು ಮಾಡಿಕೊಂಡಿದ್ದ. ಇನ್ನೂ ಉರಿಸಿದ್ದೆಂದರೆ, ಅವನ ಮಾತು ಒಂದು ಗಳಿಗೆ ಅವಳೊಳಗೆ ನಾಟಿದ್ದು. ತನ್ನದು ಬರೀ ಸಿಟ್ಟೇ ಇರಬಹುದೇ ಎಂದು ಅಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೇ ಮತ್ತೆ ಸಿಟ್ಟು ಮಾಡಿಕೊಂಡಳು.

ಎರಡನೆಯ ಸಲ ಜೊತೆಗೆ ಬಂದವರು ಲೀಲಮ್ಮ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಕೂಟದಲ್ಲಿ ಎಲ್ಲರಿಗಿಂತ ಹಿರಿಯರು. ಮಯೂರ್ ವಿಹಾರ್‌ನಲ್ಲೇ ಮನೆ. ಬರಲು ಅವರಿಗೆ ಮನಸ್ಸಿರಲಿಲ್ಲ. ದೂರದ ಊರಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸಲು ಇರುವುದು ಒಂದೇ ಮನೆ, ಅದನ್ನೂ ಒಡೆಯುತ್ತೀಯಾ ಎಂದರು. ಕೊನೆಗೆ, ನಾನು ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ಕೂತಿರುತ್ತೇನೆ ಎಂಬ ಶರತ್ತಿನ ಮೇಲೆ ಗುರುವಾರ ಸಂಜೆ ಹೊರಟರು.

ಅನೀಶ್ ಇಬ್ಬರನ್ನೂ ಆದರದಿಂದ ಕೂರಿಸಿದ. ವಿಮಲಾ ಹೇಳಬೇಕಾದ್ದನ್ನೆಲ್ಲ ಹೇಳಿದಳು: ಫೋನು ಅವಳ ಕೈಗೆ ಕೊಡಿ, ನಾಳೆಯೇ ಊರಿಗೆ ಕಳಿಸಿ, ಅವಳೆದುರು ತಪ್ಪೊಪ್ಪಿಕೊಳ್ಳಿ. ಅನೀಶ್ ಪೂರ್ತಿ ಕೇಳಿಸಿಕೊಂಡು, ನಾವು ಅವಳ ಪರವಾಗಿ ತೀರ್ಮಾನ ಮಾಡುವುದು ಬೇಡ, ಅವಳನ್ನೇ ಕೇಳೋಣ ಎಂದು ಅಲ್ಬಿನಾಳನ್ನು ಕರೆದ. ಅವಳು ಕುರ್ತಾದ ತುದಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಈಗಲೇ ಹೋಗಬೇಕಾ, ಮೇ ತಿಂಗಳಲ್ಲಿ ಹೋದರೆ ಸಾಕಾ, ನಮ್ಮ ಮೇಲೆ ಬೇಜಾರಿದೆಯಾ ಎಂದು ಅನೀಶ್ ಹಿಂದಿಯಲ್ಲಿ ಮೆಲ್ಲಗೆ ಕೇಳಿದ.

"ಜೈಸಾ ಆಪ್ ಲೋಗ್ ಬೋಲೇಂ," ಎಂದಳು ಅಲ್ಬಿನಾ, ನೆಲ ನೋಡುತ್ತ. ನೀವು ಹೇಳಿದ ಹಾಗೆ.

ಅನೀಶ್ ಎರಡೂ ಕೈ ಬಿಡಿಸಿ ತೋರಿಸಿದ. ಪ್ರಾರ್ಥನೆ ಮಾಡಿ ಕಳಿಸಿಕೊಟ್ಟ. ಲೀಲಮ್ಮ ಧನ್ಯಾಳ ಕೈ ಹಿಡಿದು ಏನೋ ಸಮಾಧಾನ ಹೇಳಿ ಹೊರಗೆ ಬಂದರು. ಮೆಟ್ರೋದಲ್ಲಿ ವಿಮಲಾ ಅವರಿಂದ ದೂರದ ಸೀಟು ಹುಡುಕಿ ಕೂತಳು. ಅನೀಶನ ಮೇಲಿನ ಸಿಟ್ಟು ಒಂದೆಡೆ ಇದ್ದರೆ, ಬಾಯಿ ಬಿಡದ ಆ ಹುಡುಗಿಯ ಮೇಲೂ ಈಗ ಸಿಟ್ಟು ಬಂದಿತ್ತು. ತಾನು ಇಷ್ಟೆಲ್ಲ ಹೊಡೆದಾಡುವುದು, ಅವಳು ಹೀಗೆ ನೆಲ ನೋಡಿ ನಿಲ್ಲುವುದು.

ಮನೆಯಲ್ಲಿ ಅದನ್ನೇ ಹೇಳಿದಾಗ ಕೃತಿ ತಟ್ಟೆ ಸರಿಸಿ ಎದ್ದಳು.

"ನೀನು ಅವರ ಎದುರಿಗೇ ಕೇಳಿಸ್ದೆ ಅಮ್ಮಾ. ಅವಳು ಏನ್ ಬೋಲ್ತೀ? ನಿಮ್ಮ ಒಂದು, ಎರಡು, ಮೂರು ಮುಗಿಯೋ ತನಕ ದೀದಿ ಅಲ್ಲೇ ಇರ್ಬೇಕಾ? ಪಪ್ಪಾ ಆವತ್ತೇ ಕೀಲಿ ತಗೊಂಡಿದ್ರು."

ವಿಮಲಾ ಮಗಳ ಮೇಲೆ ರೇಗಲು ಬಾಯಿ ತೆರೆದು ಮುಚ್ಚಿದಳು. ಸುವಾರ್ತೆಯ ಕ್ರಮ ಸಹೋದರನ ಮನಸ್ಸನ್ನು ಗೆಲ್ಲುವುದಕ್ಕೆ ಇದ್ದದ್ದು. ತಾನು ಅದನ್ನು ಅನೀಶನನ್ನು ಸೋಲಿಸುವುದಕ್ಕೆ ಹಿಡಿದುಕೊಂಡಿದ್ದಾಯಿತು; ಅಷ್ಟು ದಿನವೂ ತಾಯಿ ಸತ್ತ ಹುಡುಗಿ ಅದೇ ಒಲೆಯ ಮುಂದೆ ನಿಂತಿದ್ದಳು. ಆ ರಾತ್ರಿ ಅವಳು ಕೃತಿಯನ್ನೇ ಕೇಳಿದಳು, ಏನು ಮಾಡೋಣ ಎಂದು. ಅಲ್ಬಿನಾ ಬೆಳಿಗ್ಗೆ ಹಾಲು ತರಲು ಕೆಳಗಿನ ಬೂತಿಗೆ ಬರುತ್ತಾಳೆ, ಅಲ್ಲಿ ಕೇಳಬಹುದು ಎಂದಳು ಕೃತಿ. ಶನಿವಾರ ಮುಂಜಾನೆ ಅಪ್ಪನ ಜೊತೆ ಹೋಗಿ ಅವಳೇ ಕೇಳಿಕೊಂಡು ಬಂದಳು. ಅಲ್ಬಿನಾ ಹೋಗಲು ಸಿದ್ಧವಿದ್ದಳು. ಆದರೆ ಕದ್ದು ಹೋಗುವುದಿಲ್ಲ ಎಂದಿದ್ದಳಂತೆ. ಆಧಾರ್ ಕಾರ್ಡು, ಫೋನು ಎರಡೂ ಅವರ ಬಳಿ ಇವೆ. ಓಡಿಹೋದರೆ ಕಳ್ಳಿ ಎಂದು ದೂರು ಕೊಡುತ್ತಾರೆ, ಹಾಗೆ ಆದವರನ್ನು ಅವಳು ನೋಡಿದ್ದಳು. ಎಲ್ಲರೂ ಇರುವಾಗಲೇ, ಎಲ್ಲರೂ ನೋಡುತ್ತಿರುವಾಗಲೇ ಹೋಗಬೇಕು ಎಂದಳಂತೆ. ಚಿದಂಬರ ಅವತ್ತೇ ಆನಂದ ವಿಹಾರ್‌ನಿಂದ ರಾಂಚಿ ಬಳಿಯ ಹಟಿಯಾಕ್ಕೆ ಹೋಗುವ ರೈಲಿನಲ್ಲಿ ಸೋಮವಾರಕ್ಕೆ ಜಾಗ ಹಿಡಿದ.

ಭಾನುವಾರ ಕೂಟ ಎಂದಿನಂತೆ ತುಂಬಿತ್ತು. ಮಂಗಳೂರು, ಉಡುಪಿ, ಹುಬ್ಬಳ್ಳಿ ಕಡೆಯ ಕುಟುಂಬಗಳು, ಕನ್ನಡ ಕೇಳಬೇಕೆಂದು ಬರುವ ನಾಲ್ಕಾರು ವಿದ್ಯಾರ್ಥಿಗಳು. ಹಾಡು ಮುಗಿಯಿತು. ಅನೀಶ್ ಪುಸ್ತಕ ತೆರೆಯುವ ಮೊದಲೇ ವಿಮಲಾ ಎದ್ದು ನಿಂತು ಒಂದು ವಿಷಯ ಹೇಳಬೇಕೆಂದಳು. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುತ್ತಾಳೆಂದು ಎಲ್ಲರೂ ನಗುಮುಖದಿಂದ ತಿರುಗಿದರು. ಅವಳು ಕನ್ನಡದಲ್ಲೇ ಶುರುಮಾಡಿ, ಒಂದು ವಾಕ್ಯ ಆಡಿ ನಿಲ್ಲಿಸಿದಳು. ಅಡುಗೆಮನೆಯ ಬಾಗಿಲ ಬಳಿ ಅಲ್ಬಿನಾ ಕಾಣುತ್ತಿದ್ದಳು. ಪಕ್ಕದಲ್ಲಿ ಕೃತಿ ನಿಂತಿದ್ದಳು.

"ಇವಳ ವಿಷಯವನ್ನ ಇವಳಿಗೆ ಅರ್ಥ ಆಗದ ಭಾಷೇಲಿ ನಾನು ಮಾತಾಡಲ್ಲ," ಎಂದು ಹಿಂದಿಗೆ ಹೊರಳಿದಳು.

ಆ ಕೋಣೆಯಲ್ಲಿ ಹಿಂದಿ ಆಡಬಾರದೆಂಬುದು ಅನೀಶನದೇ ಪ್ರೀತಿಯ ನಿಯಮ. ವಿಮಲಾ ಹಿಂದಿಯಲ್ಲೇ ಎಲ್ಲವನ್ನೂ ಹೇಳಿದಳು. ಹೆಸರು ಮೊಟಕು ಮಾಡಿದ್ದು, ಎರಡು ವರ್ಷದಲ್ಲಿ ಕ್ರಿಸ್‌ಮಸ್ ಬಿಟ್ಟರೆ ಒಂದು ಭಾನುವಾರವೂ ಚರ್ಚಿಗೆ ಹೋಗಲು ಬಿಡದಿದ್ದುದು, ನಮ್ಮ ಊಟಕ್ಕಾಗಿ ಅವಳ ಆರಾಧನೆ ತಪ್ಪಿದ್ದು, ಸಾವಿನ ಸುದ್ದಿಯನ್ನು ಈಸ್ಟರ್ ಮುಗಿಯಲಿ ಎಂದು ಮುಚ್ಚಿಟ್ಟದ್ದು. ಪುನರುತ್ಥಾನದ ಹಾಡು ಹಾಡಿ ಕೈ ತೊಳೆದು ನಾವು ತಿಂದದ್ದು ಆ ಊಟ ಎಂದಳು. ಅವಳ ದನಿ ಏರಿತ್ತು. ಏರಿದ್ದು ಅವಳಿಗೂ ಗೊತ್ತಿತ್ತು.

ಒಬ್ಬರು ಕೆಮ್ಮಿದರು. ಒಂದು ಮೂಲೆಯಿಂದ, ಇದನ್ನೆಲ್ಲ ಮಕ್ಕಳೆದುರು ಬೇಕಿತ್ತೇ ಎಂಬ ಮಾತು ಬಂತು. ಅನೀಶ್ ಕಣ್ಣು ಮುಚ್ಚಿ, ಪ್ರಾರ್ಥಿಸೋಣ ಎಂದ. ತಲೆಗಳು ಬಾಗತೊಡಗಿದವು. ಆಗ, ಸುಮ್ಮನೆ ಕೂತಿರುತ್ತೇನೆ ಎಂದಿದ್ದ ಲೀಲಮ್ಮ ಕುರ್ಚಿಯ ಕೈ ಹಿಡಿದು ಎದ್ದರು.

"ಪ್ರಾರ್ಥನೆ ಆಮೇಲೆ ಮಾಡೋಣ ಅನೀಶ್. ಕಣ್ಣು ತೆಗಿ. ಮೊದಲು ಅವಳು ಹೇಳ್ಲಿ."

ಅಲ್ಬಿನಾ ಬಾಗಿಲು ಬಿಟ್ಟು ಕೋಣೆಯ ನಡುವಿಗೆ ಬಂದಳು. ಈ ಸಲ ನೆಲ ನೋಡಲಿಲ್ಲ. ಅವಳು ಅಳಲೂ ಇಲ್ಲ. ಹಿಂದಿಯಲ್ಲಿ, ನಿಧಾನವಾಗಿ, ಒಂದೊಂದು ಮಾತನ್ನೂ ಕಡಿದು ಕಡಿದು ಹೇಳಿದಳು.

"ನನ್ನ ಅವ್ವನ ದೇಹ ಮನೇಲಿ ಇಟ್ಟಿದ್ದ ದಿನ ನಾನು ಇಲ್ಲಿ ಪರದೆ ಒಗೀತಿದ್ದೆ. ಹಬ್ಬ ಬರ್ತಿದೆ, ಪರದೆ ಒಗಿ ಅಂತ ಮೇಡಂ ಹೇಳಿದ್ರು. ಹೇಳುವಾಗ ಅವರಿಗೆ ಗೊತ್ತಿತ್ತು. ನನ್ನ ಮುಖ ನೋಡ್ಕೊಂಡೇ ಹೇಳಿದ್ರು. ನನಗೆ ನನ್ನ ಫೋನ್ ಬೇಕು, ಆಧಾರ್ ಬೇಕು. ನಾನು ಇವತ್ತು ಹೋಗ್ತೀನಿ."

ಧನ್ಯಾ ಎದ್ದು ಒಳಗೆ ಹೋದಳು. ಬೀರು ತೆರೆದ ಸದ್ದು ಎಲ್ಲರಿಗೂ ಕೇಳಿಸಿತು. ಫೋನು ಮತ್ತು ಕಾರ್ಡು ತಂದು ಅಲ್ಬಿನಾಳ ಕೈಗೆ ಕೊಟ್ಟು ಗೋಡೆಯ ಬಳಿ ನಿಂತಳು. ಅನೀಶ್ ಮಾತ್ರ ಇನ್ನೂ ಶಾಂತವಾಗಿ, ಹೋಗುವುದಾದರೆ ಹೋಗಲಿ, ನಾವು ಯಾರನ್ನೂ ಕಟ್ಟಿಹಾಕಿಲ್ಲ, ಆದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದ. ಅಲ್ಬಿನಾ ತನ್ನ ಚೀಲ ತಂದಳು. ವಿಮಲಾ, ಕೃತಿ, ಲೀಲಮ್ಮ ಅವಳ ಜೊತೆ ಹೊರಟರು. ವಿದ್ಯಾರ್ಥಿಗಳಲ್ಲಿ ಇಬ್ಬರು ಎದ್ದು ಬಂದರು. ಉಳಿದವರು ಕೂತಲ್ಲೇ ಕೂತರು.

ಗೇಟಿನಲ್ಲಿ ಗಾರ್ಡ್ ತಡೆದ. ಕೆಲಸದವರು ಸಾಮಾನು ಸಮೇತ ಹೊರಗೆ ಹೋಗುವುದಾದರೆ ಮನೆಯವರು ಫೋನಿನ ಆ್ಯಪಿನಲ್ಲಿ ಒಪ್ಪಿಗೆ ಕೊಡಬೇಕಂತೆ. ಅವನು ಅನೀಶನ ಮನೆಗೆ ಕೋರಿಕೆ ಕಳಿಸಿದ, ಒಪ್ಪಿಗೆ ಬರಲಿಲ್ಲ. ಮತ್ತೆ ಕಳಿಸಿದ. ಆಮೇಲೆ, ಹೋಗಲಿ, ಚೀಲವನ್ನಾದರೂ ತೋರಿಸಿ ಎಂದ. ವಿಮಲಾ ಅವನ ಮೇಲೆ ಕೂಗಾಡಿದಳು. ತಾನು ಪ್ರೊಫೆಸರ್ ಎಂದಳು, ಪೊಲೀಸರನ್ನು ಕರೆಯುತ್ತೇನೆ ಎಂದಳು. ರೂಲ್ ಮಾಡಿದ್ದು ನಾನಲ್ಲ ಮೇಡಂ ಎಂದು ಅವನು ಬೇಸರದಿಂದ ಹೇಳಿದ. ಇವರ ಮಾತು ನಡೆಯುತ್ತಿರುವಾಗಲೇ ಅಲ್ಬಿನಾ ಚೀಲವನ್ನು ಮೇಜಿನ ಮೇಲಿಟ್ಟು ತಾನೇ ಜಿಪ್ ಎಳೆದಳು. ಎರಡು ಸಲ್ವಾರ್, ಒಂದು ಸ್ವೆಟರ್, ಒಳಬಟ್ಟೆ, ಬಾಚಣಿಗೆ. ಒಂದೊಂದನ್ನೂ ತೆಗೆದು ಮೇಜಿನ ಮೇಲೆ ಹರಡಿದಳು. ವಾಕಿಂಗ್ ಹೊರಟವರು ನಿಂತು ನೋಡಿದರು. ಕೃತಿ ಅಳತೊಡಗಿದಳು.

ಆಗ ಮನೆಯ ಚಪ್ಪಲಿಯಲ್ಲೇ ಧನ್ಯಾ ಓಡಿಬಂದಳು. ಗಾರ್ಡಿಗೆ, ಬಿಡು, ಅವಳದೇ ಸಾಮಾನು, ನಾನು ಹೇಳುತ್ತಿದ್ದೇನೆ ಎಂದಳು. ಬಟ್ಟೆ ಮಡಚಲು ಕೈ ಹಾಕಿದಳು. ಅಲ್ಬಿನಾ ಅವಳ ಕೈಯಿಂದ ಸ್ವೆಟರನ್ನು ಎಳೆದುಕೊಂಡು ತಾನೇ ತುಂಬಿಕೊಂಡಳು. ಗೇಟು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ.

ಮಯೂರ್ ವಿಹಾರ್‌ನ ಮನೆಯಲ್ಲಿ ಚಿದಂಬರ ಅನ್ನ ಸಾರು ಮಾಡಿಟ್ಟಿದ್ದ. ಅಲ್ಬಿನಾ ಮೊದಲು ಅಣ್ಣನಿಗೆ ಫೋನು ಮಾಡಿದಳು. ಬಾಗಿಲು ಹಾಕಿಕೊಂಡು ತನ್ನ ಬುಡಕಟ್ಟಿನ ಖಡಿಯಾ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಆಗಷ್ಟೇ ಅವಳ ಅಳು ಕೇಳಿಸಿತು. ಊಟವಾದ ಮೇಲೆ ವಿಮಲಾ ಅವಳ ಎದುರು ಕೂತು, ನಾವೆಲ್ಲರೂ ನಿನಗೆ ತಪ್ಪು ಮಾಡಿದೆವು, ಕ್ಷಮಿಸು, ಇಬ್ಬರೂ ಸೇರಿ ಪ್ರಾರ್ಥನೆ ಮಾಡೋಣ ಎಂದಳು. ಹೇಳುವಾಗ ಅವಳಿಗೆ ಕಣ್ಣು ತುಂಬಿತ್ತು. ಹುಡುಗಿ ತನ್ನ ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದಳು.

"ದೀದಿ, ನಿಮಗೆ ಸಿಟ್ಟು ಬಂದು ಒಂದು ವಾರ ಆಯ್ತು. ನನಗೆ ಎರಡು ವರ್ಷದಿಂದ ಇದೆ. ನೀವೂ ಬಂದು ಉಂಡು ಹೋಗ್ತಿದ್ರಿ. ನಾಳೆ ನನ್ನನ್ನ ರೈಲು ಹತ್ತಿಸಿ. ಪ್ರಾರ್ಥನೆ ನಾನು ಊರಿಗೆ ಹೋಗಿ ಮಾಡ್ತೀನಿ."

ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಇಷ್ಟು ಮಾಡಿದ ಮೇಲೂ ಇದೇ ಮಾತಾ ಎಂದು ವಿಮಲಾಳ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿಕೊಂಡಳು. ಎದ್ದು ಹೋಗಿ ಕೃತಿಯ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಸಿದಳು.

ಸೋಮವಾರ ಆನಂದ ವಿಹಾರ್ ನಿಲ್ದಾಣದಲ್ಲಿ ಅಲ್ಬಿನಾ ಕೃತಿಯನ್ನು ತಬ್ಬಿಕೊಂಡು, ಚಿದಂಬರನಿಗೆ ಕೈಮುಗಿದು, ವಿಮಲಾಗೆ ತಲೆಬಾಗಿ ರೈಲು ಹತ್ತಿದಳು.

ಕೂಟ ಒಡೆಯಿತು. ಸಭೆಯಲ್ಲಿ ಒಡಕು ತರುವ ಆತ್ಮದ ಬಗ್ಗೆ ಎಚ್ಚರವಾಗಿರಿ ಎಂದು ಅನೀಶ್ ವಾಟ್ಸಾಪ್ ಗುಂಪಿನಲ್ಲಿ ಬರೆದ. ಅದಕ್ಕೆ ಕೈಮುಗಿಯುವ ಚಿಹ್ನೆಗಳು ಸಾಲುಸಾಲಾಗಿ ಬಂದವು. ಕೆಲವರು ವಿಮಲಾಗೆ ಗುಟ್ಟಾಗಿ ಫೋನು ಮಾಡಿ, ಮಾಡಿದ್ದು ಸರಿ, ಆದರೆ ಮಾಡಿದ ರೀತಿ ಸರಿಯಲ್ಲ ಎಂದರು. ಸರಿಯಾದ ರೀತಿ ಯಾವುದೆಂದು ಅವಳು ಕೇಳಿದರೆ, ಪ್ರಾರ್ಥನೆ ಮಾಡೋಣ ಎಂದು ಫೋನಿಟ್ಟರು. ಅವಳು ಆ ಗುಂಪಿನಿಂದ ಹೊರಬಂದಳು. ಮೂರನೆಯ ಹೆಜ್ಜೆಯೂ ಮುಗಿದಿತ್ತು. ಸಭೆಯ ಮಾತನ್ನೂ ಕೇಳದವನು ನಿನಗೆ ಹೊರಗಿನವನ ಹಾಗೆ, ಸುಂಕದವನ ಹಾಗೆ ಇರಲಿ ಎಂದು ಆ ವಚನ ಕೊನೆಯಾಗುತ್ತದೆ. ಇನ್ನು ಅವರ ಮುಖ ನೋಡಬೇಕಾಗಿಲ್ಲ ಎಂದು ಅವಳು ಲೀಲಮ್ಮನಿಗೆ ಹೇಳಿದಳು. ಹೇಳುವಾಗ ಮನಸ್ಸಿಗೆ ಹಿತವೆನಿಸಿತು.

ಲೀಲಮ್ಮ ಕನ್ನಡಕ ಒರೆಸುತ್ತ, ಊರೇ ದೂರವಿಟ್ಟಿದ್ದ ಸುಂಕದವರ ಜೊತೆ ಯೇಸುಸ್ವಾಮಿ ಹೇಗಿದ್ದನೆಂದು ನಿನಗೆ ಗೊತ್ತಲ್ಲ ಎಂದರು. ಅವರ ಮನೆಗೇ ಹೋಗಿ ಊಟಕ್ಕೆ ಕೂತ. ಅದಕ್ಕೇ ಅಲ್ಲವೇ ಊರೆಲ್ಲ ಅವನನ್ನು ಬೈದದ್ದು. ವಿಮಲಾಗೆ ಆ ಮುದುಕಿಯ ಮೇಲೆ ವಿಪರೀತ ಸಿಟ್ಟು ಬಂತು. ಎರಡು ದಿನ ಅವರ ಫೋನು ಎತ್ತಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಧನ್ಯಾ ಕೃತಿಗೆ ಒಂದು ಸಂದೇಶ ಕಳಿಸಿದಳು. ಅಲ್ಬಿನಾಳ ಜೊತೆ ಮಾತಾಡಬೇಕು, ನಂಬರು ಬದಲಾಗಿದೆ, ಕೊಡುತ್ತೀಯಾ ಎಂದು. ಅಲ್ಬಿನಾ ಆಗಾಗ ಕೃತಿಗೆ ಫೋನು ಮಾಡುತ್ತಿದ್ದಳು. ಊರಿನ ಬಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಕೃತಿ ಅವಳನ್ನೇ ಕೇಳಿದಳು. ಬೇಡ, ಈಗಲ್ಲ ಎಂದಳು ಅಲ್ಬಿನಾ.

ಆ ಉತ್ತರ ತಲುಪಿಸಲು ವಿಮಲಾ ತಾನೇ ಹೊರಟಳು. ಫೋನಿನಲ್ಲಿ ಹೇಳಿದರೆ ಸಾಕಿತ್ತು. ಯಾಕೆ ಹೊರಟೆನೆಂದು ಮೆಟ್ರೋದಲ್ಲಿ ಕೂತು ತನ್ನನ್ನೇ ಬೈದುಕೊಂಡಳು. ಧನ್ಯಾ ಒಬ್ಬಳೇ ಇದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಬಾಗಿಲಲ್ಲೇ ವಿಮಲಾ ಹೇಳಿದಳು: ಅವಳು ಬೇಡವೆಂದಳು, ನಂಬರು ಕೊಡುವುದಿಲ್ಲ. ಧನ್ಯಾ ತಲೆಯಾಡಿಸಿದಳು. ಒಳಗೆ ಬನ್ನಿ ಎಂದೂ ಹೇಳಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

"ಆ ಫೋನ್ ನಾನೇ ಎತ್ತಿದ್ದು," ಎಂದಳು, ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜುತ್ತ. "ಅವಳಣ್ಣ ಅಳ್ತಿದ್ದ. ಹೇಳ್ತೀನಿ ಅಂದೆ. ಫೋನ್ ಇಟ್ಟ ತಕ್ಷಣ ನನ್ನ ತಲೆಗೆ ಬಂದದ್ದು ನಲವತ್ತು ಜನರ ಅಡುಗೆ. ಅವಳಿಗೆ ನೋವಾಗ್ಬಾರ್ದು ಅಂತ ಅಲ್ಲ. ಅದು ಸುಳ್ಳು. ಅನೀಶ್ ಹತ್ರ ಹೇಳೋಕೆ ಹೋದ್ರೆ ಅವರು ಕೇಳಲ್ಲ."

ವಿಮಲಾ ಈ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದಳು. ಬಂದಾಗ ತಾನು ಗೆದ್ದೆ ಎಂದು ಅನಿಸಲಿಲ್ಲ. ಸಿಟ್ಟೂ ಇಳಿಯಲಿಲ್ಲ.

"ನಂಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ," ಎಂದಳು.

"ಗೊತ್ತು," ಎಂದಳು ಧನ್ಯಾ.

ವಿಮಲಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಕಾವಲಿಯ ಮೇಲೆ ದೋಸೆ ಹರಿದು ಅಂಟಿಕೊಂಡಿತ್ತು. ಇಬ್ಬರೂ ಮೇಜಿಗೆ ಕೂತು ಅದನ್ನೇ ತಿಂದರು. ಹೊರಡುವಾಗ ವಿಮಲಾ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟಳು.

ಅಂದಿನಿಂದ ಅವಳು ತಿಂಗಳಿಗೊಮ್ಮೆಯಾದರೂ ಹೋಗುತ್ತಾಳೆ. ಅನೀಶ್ ಮನೆಯಲ್ಲಿದ್ದರೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಕೆಲವು ದಿನ ಮಾತು ಹರಿಯುತ್ತದೆ. ಕೆಲವು ದಿನ ಆ ಮನೆಯ ಪರದೆ ಕಂಡರೆ ಸಾಕು, ವಿಮಲಾಗೆ ಉರಿಯೆದ್ದು, ಚಹಾ ಅರ್ಧಕ್ಕೇ ಬಿಟ್ಟು ಬರುತ್ತಾಳೆ. ಮುಂದಿನ ತಿಂಗಳು ಮತ್ತೆ ಹೋಗುತ್ತಾಳೆ.